ಜಿಪುಣ ಕೇಳುಗ ಎಂಬ ಕಟ್ಟುಕತೆ

2022ರಲ್ಲಿ ಹಾಡಿನ ಆ್ಯಪ್ ಗಾನಾ ಪುಕ್ಕಟೆ ಸೇವೆ ನಿಲ್ಲಿಸಿ, ಇನ್ನು ಹಾಡು ಚಂದಾದಾರರಿಗೆ ಮಾತ್ರ ಎಂದಿತು. ತಿಂಗಳಿಗೆ ಹದಿನೈದು ಕೋಟಿ ಕೇಳುಗರಿದ್ದಾರೆಂದು ಒಂದು ಕಾಲಕ್ಕೆ ಹೇಳಿಕೊಳ್ಳುತ್ತಿದ್ದ ಆ ವ್ಯವಹಾರವನ್ನು 2023ರ ಕೊನೆಯಲ್ಲಿ ರೇಡಿಯೋ ಮಿರ್ಚಿ ನಡೆಸುವ ಕಂಪನಿ 25 ಲಕ್ಷ ರೂಪಾಯಿಗೆ ಕೊಂಡಿತು. ಎರಡೂ ಟೈಮ್ಸ್ ಬಳಗದಲ್ಲೇ ಹುಟ್ಟಿದವು ನಿಜ. ಆದರೂ ಬೆಂಗಳೂರಿನಲ್ಲಿ ಆ ದುಡ್ಡಿಗೆ ಒಂದು ಸಾಧಾರಣ ಫ್ಲ್ಯಾಟೂ ಸಿಗುವುದಿಲ್ಲ. ಬೈಟ್‌ಡ್ಯಾನ್ಸ್‌ನ ರೆಸ್ಸೋ 2023ರಲ್ಲಿ ಪುಕ್ಕಟೆ ಕೇಳುವುದನ್ನು ತೆಗೆದುಹಾಕಿ, 2024ರ ಜನವರಿಗೆ ಇಲ್ಲಿಂದ ಗಂಟುಮೂಟೆ ಕಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ಕನ್ನು ಮುಚ್ಚುವುದಾಗಿ ಸಾರಿತು.

ಪ್ರತಿ ಸಾವಿಗೂ ಒಂದೇ ಮರಣೋತ್ತರ ವರದಿ ಬಂತು: ಭಾರತೀಯರು ಹಾಡಿಗೆ ದುಡ್ಡು ಬಿಚ್ಚುವುದಿಲ್ಲ. ಆನ್‌ಲೈನ್‌ನಲ್ಲಿ ಹಾಡು ಕೇಳುವ ಕೋಟ್ಯಂತರ ಜನರಲ್ಲಿ ಚಂದಾ ಕಟ್ಟುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ ಎಂಬುದು ಇದಕ್ಕೆ ಪುರಾವೆ. ಬೆನ್ನಿಗೇ ಭವಿಷ್ಯವಾಣಿಯೊಂದು ಬರುತ್ತದೆ: ದುಡ್ಡು ಹುಟ್ಟದ ಈ ಮಾರುಕಟ್ಟೆಯಲ್ಲಿ ವರ್ಷಗಟ್ಟಲೆ ನಷ್ಟ ತಡೆದುಕೊಳ್ಳಬಲ್ಲ ಒಂದೆರಡು ವಿದೇಶಿ ದೈತ್ಯರಷ್ಟೇ ಉಳಿಯುತ್ತಾರೆ, ಸ್ಪರ್ಧೆಯ ಕತೆ ಮುಗಿಯಿತು. ಈ ನಿದಾನ ತಪ್ಪು ಎಂಬುದು ನನ್ನ ವಾದ. ನಿದಾನ ತಪ್ಪಾದ ಮೇಲೆ ಭವಿಷ್ಯವಾಣಿಯನ್ನೂ ನಂಬಬೇಕಾಗಿಲ್ಲ.

ಮೊದಲಿಗೆ ಜಿಪುಣತನದ ಆರೋಪವನ್ನೇ ನೋಡೋಣ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದು ಹೆಸರಾದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಆಮೇಲಿನ ಎರಡು ದಶಕ ಭಾವಗೀತೆ, ದಾಸರ ಪದ, ಜನಪದ, ಸಿನಿಮಾ ಹಾಡು ಎಲ್ಲವೂ ದುಡ್ಡಿಗೇ ಮಾರಾಟವಾದವು. ನಕಲಿ ಕ್ಯಾಸೆಟ್ಟಿನ ಹಾವಳಿ ಆಗಲೂ ಇತ್ತು. ಅದರ ನಡುವೆಯೇ ಆಡಿಯೋ ಕಂಪನಿಗಳು ಬೆಳೆದವು. ಮೊಬೈಲ್ ಬಂದ ಮೇಲೆ ಕಾಲರ್ ಟ್ಯೂನ್ ಬಂತು. ತಾನು ಕೇಳದ, ತನಗೆ ಫೋನ್ ಮಾಡುವವರು ಮಾತ್ರ ಕೇಳುವ ಅರ್ಧ ನಿಮಿಷದ ತುಣುಕಿಗೆ ಜನ ತಿಂಗಳಿಗೆ ಮೂವತ್ತು ರೂಪಾಯಿ ಆಸುಪಾಸು ಕೊಟ್ಟರು. ಅದರಲ್ಲಿ ಒಂದು ಪಾಲು ಗ್ರಾಹಕರಿಗೆ ಗೊತ್ತಿಲ್ಲದೆ ಕಡಿತವಾದ ದುಡ್ಡು ಎಂಬುದನ್ನೂ ಹೇಳಬೇಕು. ಅದಕ್ಕೇ 2013ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಇಂಥ ಸೇವೆಗಳಿಗೆ ಎರಡೆರಡು ಸಲ ಒಪ್ಪಿಗೆ ಪಡೆಯುವುದನ್ನು ಕಡ್ಡಾಯ ಮಾಡಿತು. ಹಾಗಾಗಿ ಕಾಲರ್ ಟ್ಯೂನನ್ನು ಅರ್ಧ ಸಾಕ್ಷಿಯಾಗಿ ಮಾತ್ರ ಹಿಡಿಯುತ್ತೇನೆ.

ಪೂರ್ತಿ ಸಾಕ್ಷಿ ಬೇರೆ ಇದೆ. ಹಳೆಯ ಎಚ್‌ಎಂವಿಯ ವಾರಸುದಾರ ಸರೆಗಮ ಕಂಪನಿ 2017ರಲ್ಲಿ ಕಾರವಾನ್ ಎಂಬ ರೇಡಿಯೋ ಆಕಾರದ ಪೆಟ್ಟಿಗೆ ತಂದಿತು. ಒಳಗೆ ಐದು ಸಾವಿರ ಹಳೆಯ ಹಾಡು, ಬೆಲೆ ಆರು ಸಾವಿರದ ಹತ್ತಿರ. ಆ ಹಾಡುಗಳಲ್ಲಿ ಬಹುಪಾಲು ಅಷ್ಟು ಹೊತ್ತಿಗೆ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತಿದ್ದವು; ಜಿಯೋ ಬಂದು ಡೇಟಾ ಕೂಡ ಅಗ್ಗವಾಗಿತ್ತು. ಆದರೂ ಪೆಟ್ಟಿಗೆ ಲಕ್ಷಗಟ್ಟಲೆ ಮಾರಾಟವಾಯಿತು, ಬೇರೆ ಭಾಷೆಗಳ ಜತೆ ಕನ್ನಡದ ಆವೃತ್ತಿಯೂ ಬಂತು. ಮಕ್ಕಳು ಅಪ್ಪ ಅಮ್ಮನಿಗೆ ಉಡುಗೊರೆ ಕೊಟ್ಟರು. ಪುಕ್ಕಟೆ ಹಾಡಿಗೆ ಆರು ಸಾವಿರ ಕೊಟ್ಟವರೂ ಇದೇ ದೇಶದವರು. ಅವರು ಕೊಂಡದ್ದು ಆಯ್ಕೆಯನ್ನು: ಕಲಾವಿದರ ಹೆಸರಿನಲ್ಲಿ, ಮನಸ್ಥಿತಿಯ ಹೆಸರಿನಲ್ಲಿ ವಿಂಗಡಿಸಿಟ್ಟ ಹಾಡು, ಮತ್ತು ಅದನ್ನು ತಿರುಗಿಸಿ ಹುಡುಕಲು ಒಂದು ಗುಂಡಿ.

ಹಾಗಾದರೆ ಆ್ಯಪ್‌ಗಳು ಮಾರಲು ಇಟ್ಟಿದ್ದೇನು? ಗಾನಾ, ವಿಂಕ್, ಜಿಯೋಸಾವನ್, ರೆಸ್ಸೋ, ಸ್ಪಾಟಿಫೈ ಯಾವುದನ್ನು ತೆರೆದರೂ ಅವೇ ಹಾಡು. ಹಕ್ಕು ಟಿ-ಸೀರೀಸ್, ಸರೆಗಮ, ಸೋನಿ, ಜೀ, ಕನ್ನಡದ ಮಟ್ಟಿಗೆ ಲಹರಿ, ಆನಂದ್ ಆಡಿಯೋ ಮೊದಲಾದವರ ಕೈಯಲ್ಲಿ. ಒಂದೇ ಗಿರಣಿಯ ಅಕ್ಕಿಯನ್ನು ಐದು ಅಂಗಡಿಗಳು ಬೇರೆ ಬೇರೆ ಬೋರ್ಡು ಹಾಕಿ ಮಾರುತ್ತಿದ್ದವು. ಗಿರಣಿಯವನೇ ಎದುರಿನ ರಸ್ತೆಯಲ್ಲಿ ಅದೇ ಅಕ್ಕಿಯನ್ನು ಪುಕ್ಕಟೆ ಹಂಚುತ್ತಿದ್ದ. ಎದುರಿನ ರಸ್ತೆಯೆಂದರೆ ಯೂಟ್ಯೂಬ್. ಹೊಸ ಹಾಡಿನ ಲಿರಿಕಲ್ ವಿಡಿಯೋವನ್ನು ಬಿಡುಗಡೆಯ ದಿನವೇ ಅಲ್ಲಿ ಹಾಕುವವರು ಕಳ್ಳರಲ್ಲ, ಹಕ್ಕುಳ್ಳ ಆಡಿಯೋ ಕಂಪನಿಯೇ. ಜಾಹೀರಾತಿನ ಪಾಲು ಅದಕ್ಕೆ ಬರುತ್ತದೆ, ವೀಕ್ಷಣೆಯ ಲೆಕ್ಕ ಪೋಸ್ಟರಿನಲ್ಲಿ ಅಚ್ಚಾಗುತ್ತದೆ. ಕಂಪನಿಯ ದೃಷ್ಟಿಯಲ್ಲಿ ಇದು ಜಾಣತನವೇ. ಆದರೆ ಸರಕು ಒದಗಿಸುವವನೇ ಎದುರಾಳಿಯಾಗಿರುವಾಗ ಗಿರಾಕಿಯನ್ನು ಜಿಪುಣ ಎನ್ನುವುದು ಯಾವ ನ್ಯಾಯ?

ಈ ಏರ್ಪಾಟಿನಲ್ಲಿ ಆ್ಯಪ್‌ಗಳ ಕೈ ಎಷ್ಟು ಕೆಳಗಿತ್ತು ಎಂಬುದಕ್ಕೆ ಒಂದು ಕೋರ್ಟು ತೀರ್ಪು ಸಾಕು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದ 31ಡಿ ಕಲಮಿನ ಪ್ರಕಾರ ಪ್ರಸಾರ ಸಂಸ್ಥೆಗಳು ನಿಗದಿಯಾದ ದರ ಕೊಟ್ಟು, ಮಾಲೀಕರ ಒಪ್ಪಿಗೆಗೆ ಕಾಯದೆ ಹಾಡು ಬಳಸಬಹುದು. ಈ ಅವಕಾಶ ತನಗೂ ಇದೆ ಎಂದು ವಿಂಕ್ ವಾದಿಸಿತು. ಹಾಡಿನ ಹಕ್ಕುಳ್ಳ ಟಿಪ್ಸ್ ಕಂಪನಿ ಹೂಡಿದ ದಾವೆಯಲ್ಲಿ ಬಾಂಬೆ ಹೈಕೋರ್ಟು 2019ರ ಏಪ್ರಿಲ್‌ನಲ್ಲಿ, ಅದು ರೇಡಿಯೋ, ಟಿವಿಗೆ ಮಾತ್ರ, ಇಂಟರ್ನೆಟ್ ಸ್ಟ್ರೀಮಿಂಗಿಗೆ ಇಲ್ಲ ಎಂದು ತೀರ್ಪಿತ್ತಿತು. 2022ರಲ್ಲಿ ವಿಭಾಗೀಯ ಪೀಠವೂ ಅದನ್ನು ಎತ್ತಿಹಿಡಿಯಿತು. ಅಲ್ಲಿಗೆ ಪ್ರತಿ ಆ್ಯಪೂ ಪ್ರತಿ ಕಂಪನಿಯ ಬಾಗಿಲಿಗೆ ಹೋಗಿ ಚೌಕಾಸಿ ಮಾಡಬೇಕಾಯಿತು. ಕೇಳುಗರು ಬರಲಿ ಬಿಡಲಿ, ಮಿನಿಮಮ್ ಗ್ಯಾರಂಟಿ ಎಂಬ ಮೊತ್ತ ಕಟ್ಟಲೇಬೇಕು. ಮಾತು ಮುರಿದರೆ ಹಾಡು ಮಾಯ: 2023ರ ಮಾರ್ಚಿನಲ್ಲಿ ಜೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈನಿಂದ ರಾತ್ರೋರಾತ್ರಿ ಇಲ್ಲವಾದದ್ದು ಹಾಗೆ. ಹಕ್ಕಿನ ಒಡೆಯನಿಗೆ ತನ್ನ ಆಸ್ತಿಯ ಬೆಲೆ ಹೇಳುವ ಅಧಿಕಾರ ಇರಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಖರ್ಚು ನಿಗದಿಯಾಗಿ, ಆದಾಯ ಮಾತ್ರ ಗಾಳಿಯಲ್ಲಿದ್ದ ಅಂಗಡಿ ಮುಳುಗಿದ್ದಕ್ಕೆ ಕೇಳುಗನ ಗುಣ ಕಾರಣವಲ್ಲ ಎಂಬಷ್ಟೇ ನನ್ನ ಮಾತು.

ಇನ್ನು ಟೆಲಿಕಾಂ ಕಂಪನಿಗಳ ಆ್ಯಪ್‌ಗಳು. ವಿಂಕ್ ಹುಟ್ಟಿದ್ದು ಏರ್‌ಟೆಲ್ ಸಿಮ್‌ ಬಿಟ್ಟು ಗ್ರಾಹಕ ಹೋಗದಿರಲಿ ಎಂದು. 2018ರಲ್ಲಿ ಸಾವನ್ ಮತ್ತು ಜಿಯೋಮ್ಯೂಸಿಕ್ ಒಂದಾದದ್ದರ ಹಿಂದೆಯೂ ರೀಚಾರ್ಜಿನ ಲೆಕ್ಕವೇ ಇತ್ತು. ಅಲ್ಲಿ ಹಾಡು ಡೇಟಾ ಪ್ಯಾಕಿನ ಜತೆಗಿನ ಕೊಸರು. ಇಷ್ಟು ವರ್ಷ ಕೊಸರಾಗಿ ಕೊಟ್ಟದ್ದಕ್ಕೆ ನಾಳೆಯಿಂದ ಬೆಲೆ ಕೊಡು ಎಂದರೆ ಯಾವ ಊರಿನ ಗಿರಾಕಿ ಒಪ್ಪುತ್ತಾನೆ? ವಿಂಕ್ ಮುಚ್ಚಿದಾಗ ಏರ್‌ಟೆಲ್ ಹಾಡಿನ ಸಹವಾಸವನ್ನೇನೂ ಬಿಡಲಿಲ್ಲ; ಆ್ಯಪಲ್ ಮ್ಯೂಸಿಕ್ ಜತೆ ಒಪ್ಪಂದ ಮಾಡಿಕೊಂಡಿತು. ಕೊಸರು ಉಳಿಯಿತು, ಬ್ರ್ಯಾಂಡ್ ಬದಲಾಯಿತು.

ಇದಕ್ಕೆ ಎದುರು ವಾದ ಸ್ಪಾಟಿಫೈ: ಗೆಲ್ಲುವವರು ಗೆದ್ದರಲ್ಲ? ಗೆಲುವನ್ನು ಹತ್ತಿರದಿಂದ ನೋಡಬೇಕು. 2008ರಲ್ಲಿ ಸೇವೆ ಶುರು ಮಾಡಿದ ಸ್ಪಾಟಿಫೈ ಇಡೀ ವರ್ಷದ ಲಾಭ ಕಂಡದ್ದು 2024ರಲ್ಲಿ ಮೊದಲ ಸಲ. ಬಂದ ಆದಾಯದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹಕ್ಕುದಾರರಿಗೆ ಹೋಗುತ್ತದೆ. ಹಲವು ದೇಶಗಳಲ್ಲಿ ಚಂದಾ ಏರಿಸಿ, 2023ರ ಡಿಸೆಂಬರಿನಲ್ಲಿ ನೂರಕ್ಕೆ ಹದಿನೇಳರಷ್ಟು ನೌಕರರನ್ನು ಕೈಬಿಟ್ಟ ಮೇಲೆ ಲೆಕ್ಕ ಕೂಡಿತು. ಜಗತ್ತಿನ ಅತಿ ದೊಡ್ಡ ಸೇವೆಗೇ ಇಷ್ಟು ವರ್ಷ ಹಿಡಿದದ್ದು ಜಿಪುಣ ಭಾರತೀಯರಿಂದಲ್ಲವಲ್ಲ. ದುಡ್ಡು ಕೊಡುವ ಅಭ್ಯಾಸವಿರುವ ಯುರೋಪು, ಅಮೆರಿಕವೇ ಅದರ ಮುಖ್ಯ ಮಾರುಕಟ್ಟೆ. ತೊಂದರೆ ಇರುವುದು ವ್ಯಾಪಾರದ ಕಟ್ಟಡದಲ್ಲೇ.

ಆ ಕಟ್ಟಡದಲ್ಲಿ ಕನ್ನಡದವರು ವಿಶೇಷವಾಗಿ ಗಮನಿಸಬೇಕಾದ ಕೋಣೆಯೊಂದಿದೆ: ಹಂಚಿಕೆಯ ಲೆಕ್ಕ. ನೀವು ಕಟ್ಟಿದ ಚಂದಾ ನೀವು ಕೇಳಿದ ಕಲಾವಿದರಿಗೆ ಹೋಗುತ್ತದೆ ಎಂದು ತಿಳಿದಿದ್ದರೆ ತಪ್ಪು. ಒಂದು ದೇಶದ ಚಂದಾ ಎಲ್ಲ ಒಂದೇ ಹುಂಡಿಗೆ ಬೀಳುತ್ತದೆ. ಒಟ್ಟು ಆಲಿಕೆಯಲ್ಲಿ ಯಾರ ಪಾಲು ಎಷ್ಟೋ ಹುಂಡಿಯಲ್ಲೂ ಅಷ್ಟೇ. ಇಬ್ಬರೇ ಚಂದಾದಾರರು, ತಲಾ ನೂರು ರೂಪಾಯಿ ಎಂದುಕೊಳ್ಳಿ. ಸೇವೆಯ ಕಮಿಷನ್ ಸದ್ಯಕ್ಕೆ ಬದಿಗಿಡೋಣ. ಒಬ್ಬ ಹಗಲಿಡೀ ಪಂಜಾಬಿ ಹಾಡು ಹಚ್ಚಿಟ್ಟು ತಿಂಗಳಿಗೆ 900 ಸಲ ಕೇಳುತ್ತಾನೆ. ಇನ್ನೊಬ್ಬರು ಸಂಜೆ ಹೊತ್ತು ನೆಮ್ಮದಿಯಾಗಿ ಕನ್ನಡ ಭಾವಗೀತೆಯನ್ನಷ್ಟೇ ಕೇಳುತ್ತಾರೆ, 100 ಸಲ. ಒಟ್ಟು 200 ರೂಪಾಯಿಯಲ್ಲಿ ಭಾವಗೀತೆಗೆ ಸಿಗುವುದು 20. ಕನ್ನಡ ಬಿಟ್ಟು ಬೇರೇನೂ ಕೇಳದವರ ಉಳಿದ 80 ರೂಪಾಯಿ ಪಂಜಾಬಿಗೆ. ಇದರ ಮೇಲೆ, ವರ್ಷಕ್ಕೆ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಧನವೇ ಇಲ್ಲ ಎಂಬ ನಿಯಮವನ್ನು ಸ್ಪಾಟಿಫೈ 2024ರಲ್ಲಿ ತಂದಿತು. ಗೀಗೀ ಪದವೋ ತತ್ವಪದವೋ ಹಾಡಿ ಸ್ವಂತವಾಗಿ ಹಾಕಿದ ಹಳ್ಳಿಯ ಮೇಳಕ್ಕೆ ಆ ಗಡಿ ದೊಡ್ಡದು. ಕೇಳುಗನ ದುಡ್ಡು ಅವನು ಕೇಳಿದವರಿಗೇ ಹೋಗುವ ಪದ್ಧತಿ ಅಸಾಧ್ಯವೇನಲ್ಲ. ಸೌಂಡ್‌ಕ್ಲೌಡ್ 2021ರಿಂದಲೇ ಸ್ವತಂತ್ರ ಕಲಾವಿದರಿಗೆ ಹಾಗೆ ಹಂಚುತ್ತಿದೆ. ಕನ್ನಡಿಗ ಕೊಡುವುದಿಲ್ಲ ಎನ್ನುವ ಮೊದಲು, ಕೊಟ್ಟದ್ದು ಎಲ್ಲಿಗೆ ತಲುಪುತ್ತಿದೆ ಎಂದು ಕೇಳಬೇಕಲ್ಲವೇ?

ಹಾಡು ಎಲ್ಲರಲ್ಲೂ ಅದೇ, ಬೆಲೆಯೂ ಹೆಚ್ಚುಕಡಿಮೆ ಅದೇ ಎಂದಾದರೆ ಸೇವೆಗಳು ಪೈಪೋಟಿ ನಡೆಸಬೇಕಾದ ಜಾಗ ಒಂದೇ ಉಳಿಯುತ್ತದೆ: ಹಾಡಿನ ಬಗ್ಗೆ ಯಾರಿಗೆ ಹೆಚ್ಚು ಗೊತ್ತು? ಆಕಾಶವಾಣಿಯ ಉದ್ಘೋಷಕರು ಹಾಡಿಗೆ ಮುಂಚೆ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಂದು ನಾಲ್ಕನ್ನೂ ಓದುತ್ತಿದ್ದರು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್ ಎಂಬ ಹೆಸರುಗಳು ಮನೆಮಾತಾದದ್ದು ಬಹುಮಟ್ಟಿಗೆ ಹಾಗೆ. ಇಂದಿನ ಆ್ಯಪ್‌ನಲ್ಲಿ ಗಾಯಕ ಇಲ್ಲವೇ ಸಂಗೀತ ನಿರ್ದೇಶಕನ ಹೆಸರು ಎದುರಿಗಿರುತ್ತದೆ. ಬರೆದವರು ಯಾರು ಎಂದು ತಿಳಿಯಲು ಒಳಗೆ ಹೊಕ್ಕು ಹುಡುಕಬೇಕು, ಅಲ್ಲೂ ಇದ್ದರೆ ಪುಣ್ಯ. ಕನ್ನಡದಲ್ಲಿ ಒಂದೇ ಕವಿತೆಗೆ ಇಬ್ಬರು ಮೂವರು ಧಾಟಿ ಕಟ್ಟುವುದು ಸಾಮಾನ್ಯ. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರದೋ ಎಂಬುದು ನಮಗೆ ಸಣ್ಣ ವಿಷಯವಲ್ಲ: ನಾಡಗೀತೆಗೆ ಅನಂತಸ್ವಾಮಿಯವರ ಧಾಟಿಯೇ ಎಂದು ಸರ್ಕಾರ 2022ರಲ್ಲಿ ಆದೇಶಿಸಿದ ಮೇಲೂ ಜಗಳ ಹೈಕೋರ್ಟಿನ ಮೆಟ್ಟಿಲೇರಿತು. ಇಷ್ಟು ಸೂಕ್ಷ್ಮ ಕಿವಿಯ ಕೇಳುಗರಿಗೆ ಆ್ಯಪು ಕೊಡುತ್ತಿರುವುದು ‘ಕನ್ನಡ ರೊಮ್ಯಾಂಟಿಕ್ ಹಿಟ್ಸ್’ ಎಂಬ ಪಟ್ಟಿ.

ಯಂತ್ರ ಕಟ್ಟಿದ ಹಾಡುಗಳು ಪ್ರವಾಹದಂತೆ ಬರುತ್ತಿರುವಾಗ ಈ ತಿಳಿವಳಿಕೆಯ ಬೆಲೆ ಇನ್ನೂ ಏರುತ್ತದೆ. ಒಂದೇ ವರ್ಷದಲ್ಲಿ ಏಳೂವರೆ ಕೋಟಿ ಕಸದ ಹಾಡುಗಳನ್ನು ತೆಗೆದುಹಾಕಿದ್ದಾಗಿ ಸ್ಪಾಟಿಫೈ 2025ರಲ್ಲಿ ತಾನೇ ಹೇಳಿತು. ಹತ್ತು ಕೋಟಿ ಹಾಡುಗಳಿವೆ ಎಂಬ ಹೆಗ್ಗಳಿಕೆ ಇನ್ನು ಮುಂದೆ ಯಾರನ್ನೂ ಸೆಳೆಯುವುದಿಲ್ಲ.

ಕನ್ನಡದ ಮಾರುಕಟ್ಟೆ ಚಿಕ್ಕದು, ಇಷ್ಟೆಲ್ಲ ಶ್ರಮಕ್ಕೆ ಯಾರು ದುಡ್ಡು ಹಾಕುತ್ತಾರೆ ಎಂಬ ಆಕ್ಷೇಪಕ್ಕೆ ತೂಕವಿದೆ. ಕನ್ನಡಕ್ಕೇ ಪ್ರತ್ಯೇಕ ಆ್ಯಪ್ ಕಟ್ಟಿ ಲಾಭ ಮಾಡಬಹುದೆಂದು ನಾನೂ ಹೇಳಲಾರೆ. ಮಿನಿಮಮ್ ಗ್ಯಾರಂಟಿಯ ಭಾರಕ್ಕೆ ಅದು ಮೊದಲ ವರ್ಷವೇ ಕುಸಿದೀತು. ಆದರೆ ಹೆಸರು ದಾಖಲಿಸುವ ಈ ಕೆಲಸವನ್ನು ಸುಲಭವಾಗಿ ಮಾಡಬಲ್ಲವರು ಬೇರೆ ಇದ್ದಾರೆ: ಹಕ್ಕು, ಮೂಲ ಮುದ್ರಿಕೆ, ಕ್ಯಾಸೆಟ್ಟಿನ ಹೊದಿಕೆಯ ಮೇಲಿನ ಹೆಸರುಗಳು ಎಲ್ಲವೂ ಕೈಯಲ್ಲಿರುವ ನಮ್ಮ ಆಡಿಯೋ ಕಂಪನಿಗಳು. ಕವಿಯ, ಧಾಟಿಕಾರನ, ಚಿತ್ರದ, ವರ್ಷದ ವಿವರವನ್ನು ಸರಿಯಾಗಿ ತುಂಬಿ ಹಾಡು ಕೊಟ್ಟರೆ ಯಾವ ಆ್ಯಪ್‌ನಲ್ಲೂ ಅದು ಸಿಗುತ್ತದೆ. ಬರೆದವರಿಗೆ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಕೊಟ್ಟ ರಾಯಧನದ ಹಕ್ಕು ಚಲಾಯಿಸಲೂ ಮೊದಲು ಹೆಸರು ದಾಖಲಾಗಿರಬೇಕು.

ಆದ್ದರಿಂದ ಮುಂದಿನ ವರ್ಷಗಳಲ್ಲಿ ಸ್ಪಾಟಿಫೈ ಗೆಲ್ಲುತ್ತದೋ ಯೂಟ್ಯೂಬ್ ಗೆಲ್ಲುತ್ತದೋ ಎಂಬ ಪಂದ್ಯ ನನಗೆ ಮುಖ್ಯವಾಗಿ ಕಾಣುವುದಿಲ್ಲ. ಇಬ್ಬರೂ ಅದೇ ಹುಂಡಿ, ಅದೇ ಪಟ್ಟಿ ಇಟ್ಟುಕೊಂಡರೆ ಯಾರು ಗೆದ್ದರೂ ಕನ್ನಡದ ಹಾಡಿಗೆ ವ್ಯತ್ಯಾಸವಿಲ್ಲ. ಹೆಸರು ಎದುರಿಗಿಡುವ, ಚಂದಾ ಹಣವನ್ನು ಕೇಳುಗ ಕೇಳಿದ ಕಲಾವಿದರಿಗೇ ತಲುಪಿಸುವ ಸೇವೆಯೊಂದು ಬಂದು, ಆಗಲೂ ಜನ ದುಡ್ಡು ಕೊಡಲಿಲ್ಲ ಎಂದಾದರೆ ನಮ್ಮ ಕೇಳುಗ ಜಿಪುಣ ಎಂಬ ಮಾತನ್ನು ಒಪ್ಪೋಣ. ಆ ಪರೀಕ್ಷೆ ಇನ್ನೂ ನಡೆದೇ ಇಲ್ಲ.