ಬೆಕ್ಕಿಲ್ಲದ ಜಪಾನ್

ಇಂಗ್ಲಿಷಿನ ದಾರಿಯಿಂದ ನಮ್ಮ ಕೈಗೆ ಸಿಗುವ ಜಪಾನ್ ಬೇರೆ ಯಾರೋ ಆರಿಸಿ ಕೊಟ್ಟದ್ದು. ಅಲ್ಲಿ ಅಮೆರಿಕನ್ ಸೇನೆಯ ಆಡಳಿತ 1952ರಲ್ಲಿ ಮುಗಿಯಿತು. 1955ರ ಹೊತ್ತಿಗೆ ನ್ಯೂಯಾರ್ಕಿನ ನಾಫ್ ಪ್ರಕಾಶನದ ಸಂಪಾದಕ ಹೆರಾಲ್ಡ್ ಸ್ಟ್ರಾಸ್ ಜಪಾನೀ ಕಾದಂಬರಿಗಳನ್ನು ಸಾಲಾಗಿ ಹೊರತರತೊಡಗಿದರು. ತನಿಝಾಕಿ, ಕವಾಬಾತ, ಮಿಶಿಮಾ ಆ ಸಾಲಿನ ದೊಡ್ಡ ಹೆಸರುಗಳು. ನಿನ್ನೆಯ ಶತ್ರುದೇಶ ಹಿಮ, ಚಹಾ, ಗೇಶಾ, ಮೌನಗಳ ನಾಡಾಯಿತು. ಎಡ್ವರ್ಡ್ ಸೈಡೆನ್‌ಸ್ಟಿಕರ್ ಅನುವಾದಿಸಿದ, ಕವಾಬಾತನ ‘ಸ್ನೋ ಕಂಟ್ರಿ’ (1956) ದೊಡ್ಡ ಕೃತಿಯೇ, ತಕರಾರಿಲ್ಲ. ಆದರೆ ಜಪಾನ್ ಅಂದರೆ ಅದಿಷ್ಟೇ ಅನ್ನಿಸುವಂತೆ ಮಾಡಿದ್ದು ಈ ಆಯ್ಕೆ. ಕವಾಬಾತನಿಗೆ ಬಂದ 1968ರ ನೊಬೆಲ್ ಅದರ ಮೇಲೆ ಮುದ್ರೆಯನ್ನೂ ಒತ್ತಿತು. ಆರಿಸಿದವರ ಕೈಯಲ್ಲಿ ಕತ್ತರಿಯೂ ಇತ್ತು: 1997ರಲ್ಲಿ ಮುರಾಕಾಮಿಯ ‘ದ ವೈಂಡ್-ಅಪ್ ಬರ್ಡ್ ಕ್ರಾನಿಕಲ್’ ಇಂಗ್ಲಿಷಿಗೆ ಬಂದಾಗ, ಪ್ರಕಾಶಕರ ಒತ್ತಾಯಕ್ಕೆ ಅನುವಾದಕ ಜೇ ರೂಬಿನ್ ಸುಮಾರು 25,000 ಪದಗಳನ್ನು ಬಿಡಬೇಕಾಯಿತು.

ಈಗಿನ ಅಲೆ ಕೆಫೆಯದು, ಬೆಕ್ಕಿನದು, ಹಳೇ ಪುಸ್ತಕದಂಗಡಿಯದು. ತೊಷಿಕಾಝು ಕವಾಗುಚಿಯ ‘ಬಿಫೋರ್ ದ ಕಾಫಿ ಗೆಟ್ಸ್ ಕೋಲ್ಡ್’ 2019ರಲ್ಲಿ ಇಂಗ್ಲಿಷಿಗೆ ಬಂತು. ಒಂದು ನಿರ್ದಿಷ್ಟ ಕುರ್ಚಿಯಲ್ಲಿ ಕೂತರೆ ಹಿಂದಿನ ಕಾಲಕ್ಕೆ ಹೋಗಬಹುದು, ಕಾಫಿ ಆರುವುದರೊಳಗೆ ವಾಪಸಾಗಬೇಕು, ಏನು ಮಾಡಿದರೂ ವರ್ತಮಾನ ಬದಲಾಗದು. ಕೊನೆಯ ನಿಯಮ ನಿಜವಾಗಿ ಚೆನ್ನಾಗಿದೆ. ನಾಟಕಕಾರನ ಬುದ್ಧಿ ಅದರಲ್ಲಿದೆ. ಆದರೆ ಮುಂದಿನ ಭಾಗಗಳಲ್ಲಿ ಗಿರಾಕಿ ಬದಲಾಗುತ್ತಾನೆ, ಕಣ್ಣೀರು ಬದಲಾಗುವುದಿಲ್ಲ. ಮುಂಬಯಿಯಲ್ಲಿ ಉಡುಪಿ ಹೋಟೆಲ್ ನಡೆಸಿದ ಮನೆಯವರಿಗಂತೂ ಈ ಕೆಫೆಯ ಮೇಲೆ ಗುಮಾನಿ ಬರಬೇಕು. ಊಟದ ಹೊತ್ತಿಗೆ ನೂಕುನುಗ್ಗಲಿಲ್ಲ, ಒಂದೇ ಕಪ್ಪಿಗೆ ಗಂಟೆಗಟ್ಟಲೆ ಕೂತವನನ್ನು ಎಬ್ಬಿಸುವವರಿಲ್ಲ, ಗಲ್ಲಾದಲ್ಲಿ ಲೆಕ್ಕ ಹೊಂದದೆ ತಲೆ ಕೆರೆದುಕೊಳ್ಳುವವರೂ ಇಲ್ಲ. ದುಡಿಮೆಯನ್ನು ಒರೆಸಿ ಹಾಕಿದ ಸಾಂತ್ವನ ಅದು.

ನವಿ ಮುಂಬಯಿಯ ಸಾನಪಾಡಾದಂಥ ಊರಲ್ಲಿ ಕೂತು ಓದುವವನಿಗೆ ಬೇಕಾದ ಜಪಾನ್ ಬೇರೆ. 1970ರಲ್ಲಿ ಹುಟ್ಟಿದ ನಗರ ಯೋಜನಾ ಸಂಸ್ಥೆ ಸಿಡ್ಕೋ ನಕ್ಷೆ ಹಾಕಿ ಕಟ್ಟಿದ ಊರಿದು. ಇಲ್ಲಿ ವಿಳಾಸವೆಂದರೆ ಸೆಕ್ಟರ್ ನಂಬರು, ಒಂದರ ಪಕ್ಕ ಒಂದು ಅದೇ ಅಚ್ಚಿನ ಕಟ್ಟಡ. ಟೋಕಿಯೋದ ಸುತ್ತಲೂ ಹೀಗೇ ಆಗಿತ್ತು. ಅಲ್ಲಿನ ವಸತಿ ನಿಗಮ 1955ರಲ್ಲಿ ಸ್ಥಾಪನೆಯಾಗಿ, ಸಾಲು ಸಾಲು ‘ದಾಂಚಿ’ ಮನೆಗಳು ಎದ್ದವು. ಕೋಬೋ ಆಬೆಯ ‘ದ ರೂಯಿನ್ಡ್ ಮ್ಯಾಪ್’ (1967) ಶುರುವಾಗುವುದೇ ಅಂಥ ಬಡಾವಣೆಯಲ್ಲಿ. ಕಾಣೆಯಾದ ಗಂಡನನ್ನು ಹುಡುಕಲು ಹೆಂಡತಿ ಪತ್ತೇದಾರನೊಬ್ಬನನ್ನು ನೇಮಿಸುತ್ತಾಳೆ. ಕೊನೆಗೆ ಹುಡುಕುವವನೇ ಕಳೆದುಹೋಗುತ್ತಾನೆ. ಇದನ್ನು ಓದುವ ಕನ್ನಡಿಗನಿಗೆ ಯಶವಂತ ಚಿತ್ತಾಲರ ‘ಶಿಕಾರಿ’ (1979) ನೆನಪಾಗದಿರದು. ಮುಂಬಯಿಯ ಕಂಪನಿಯಿಂದ ಅಮಾನತಾದ ನಾಗಪ್ಪ ತನ್ನ ಮೇಲೆ ಸಂಚು ಹೂಡಿದವರನ್ನು ಹುಡುಕಹೊರಟು ತನ್ನೊಳಗನ್ನೇ ಬಗೆಯುತ್ತಾನೆ. ಆದರೂ ಇಬ್ಬರೂ ಒಂದೇ ಅಲ್ಲ. ನಾಗಪ್ಪನ ಬೆನ್ನಿಗೆ ಉತ್ತರ ಕನ್ನಡದ ಬಾಲ್ಯವಿದೆ. ಅದು ಅವನನ್ನು ಕಾಡುತ್ತದೆ, ಹಿಡಿದೂ ನಿಲ್ಲಿಸುತ್ತದೆ. ಆಬೆಯ ಪತ್ತೇದಾರನಿಗೆ ಹಿಂದೆ ತಿರುಗಿ ನೋಡಲು ಊರೇ ಇಲ್ಲ. ಮುಂಬಯಿ ಕನ್ನಡ ಕಥನದ ಬಲವೂ ಮಿತಿಯೂ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ನಮ್ಮ ನಗರದ ಕಥೆಗಳು ಊರಿನ ಸಾಲವನ್ನು ಎಂದೂ ಪೂರ್ತಿ ತೀರಿಸಿಲ್ಲ. ನವಿ ಮುಂಬಯಿಯಲ್ಲೇ ಹುಟ್ಟಿ ಬೆಳೆದ, ಅಜ್ಜನ ಮನೆಗೆ ಮೇ ತಿಂಗಳಲ್ಲಷ್ಟೇ ಹೋಗಿಬಂದ ತಲೆಮಾರಿಗೆ ನಾಗಪ್ಪನಿಗಿಂತ ಆಬೆಯ ಪತ್ತೇದಾರನೇ ಹತ್ತಿರದವನಾಗಬಹುದು.

ಈ ಊರಿಗೆ ಹತ್ತಿರದ ಇನ್ನೊಂದು ಜಪಾನ್ ರೈಲಿನದು. ಸೈಚೋ ಮತ್ಸುಮೊತೋ 1957–58ರಲ್ಲಿ ಧಾರಾವಾಹಿಯಾಗಿ ಬರೆದ ಪತ್ತೇದಾರಿ ಕಾದಂಬರಿಯ ಇಡೀ ತಿರುಳು ರೈಲಿನ ವೇಳಾಪಟ್ಟಿ. ಟೋಕಿಯೋ ಸ್ಟೇಷನ್ನಿನ ಹದಿಮೂರನೇ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ಹದಿನೈದನೆಯದು ಕಾಣುವುದು ಸಂಜೆ ನಾಲ್ಕೇ ನಿಮಿಷ. ಉಳಿದ ಹೊತ್ತು ನಡುವೆ ಯಾವುದಾದರೊಂದು ಗಾಡಿ ಅಡ್ಡ ನಿಂತಿರುತ್ತದೆ. ಮುಂಬಯಿಯ ಹಾರ್ಬರ್ ಲೈನಿನ ಪ್ರಯಾಣಿಕನಿಗೆ ಈ ನಾಲ್ಕು ನಿಮಿಷದ ಬೆಲೆಯನ್ನು ವಿವರಿಸಬೇಕಿಲ್ಲ. ಇಂಗ್ಲಿಷಿನಲ್ಲಿ ಇದು 1970ರಷ್ಟು ಹಿಂದೆಯೇ ಬಂದಿತ್ತು. 2022ರಲ್ಲಿ ‘ಟೋಕಿಯೋ ಎಕ್ಸ್‌ಪ್ರೆಸ್’ ಎಂಬ ಹೊಸ ಹೆಸರಿನಲ್ಲಿ ಮತ್ತೆ ಬಂತು.

ದುಡಿಮೆಯನ್ನು ಹತ್ತಿರದಿಂದ ಕಂಡವರು ಹೆಂಗಸರು. ಸಯಾಕಾ ಮುರಾತಾಳ ‘ಕನ್ವೀನಿಯನ್ಸ್ ಸ್ಟೋರ್ ವುಮನ್’ (2016) ಕಾದಂಬರಿಯ ಕೇಕೋ ಹದಿನೆಂಟು ವರ್ಷ ಒಂದೇ ಅಂಗಡಿಯಲ್ಲಿ ಕೆಲಸ ಮಾಡಿದವಳು. ಗಿರಾಕಿಯ ಜೇಬಿನಲ್ಲಿ ಚಿಲ್ಲರೆ ಸದ್ದಾದರೆ ಸಾಕು, ಅವನಿಗೆ ಸಿಗರೇಟೋ ಪೇಪರೋ ಬೇಕೆಂದು ತಿಳಿದು ಕೌಂಟರಿಗೆ ಹೊರಡುತ್ತಾಳೆ. ಇನ್ನೂ ಗಟ್ಟಿಯಾದದ್ದು ನತ್ಸುವೋ ಕಿರಿನೋಳ ‘ಔಟ್’ (1997). ಊಟದ ಡಬ್ಬಿ ತುಂಬುವ ಕಾರ್ಖಾನೆ, ರಾತ್ರಿ ಪಾಳಿ, ನಾಲ್ವರು ಹೆಂಗಸರು. ಅವರಲ್ಲೊಬ್ಬಳು ಗಂಡನನ್ನು ಕೊಂದಾಗ ಉಳಿದವರು ಹೆಣವನ್ನು ತುಂಡು ಮಾಡುತ್ತಾರೆ. ಕೊಲೆಗಿಂತ ನನ್ನನ್ನು ಹಿಡಿದದ್ದು ಕಾರ್ಖಾನೆಯ ಲೈನು. ಅನುಭವಿಯಾದ ಯೊಷಿಯೆ ಅದರ ಮೊದಲಲ್ಲಿ ನಿಂತು ಅದರ ವೇಗ ಕಾಯುತ್ತಾಳೆ. ಅವಳು ಕೈ ಚುರುಕು ಮಾಡಿದರೆ ಹಿಂದಿನವರೆಲ್ಲ ಒದ್ದಾಡಬೇಕು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಮುಂಬಯಿಯ ಕಾರ್ಮಿಕ ಹೋರಾಟವನ್ನು ಕನ್ನಡಕ್ಕೆ ತಂದು 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸಂಘವೂ ಇಲ್ಲದ, ಘೋಷಣೆಯೂ ಇಲ್ಲದ ಹೆಂಗಸರ ರಾತ್ರಿ ಪಾಳಿಗೆ ಅಷ್ಟು ದೊಡ್ಡ ಕಾದಂಬರಿ ನಮ್ಮಲ್ಲಿ ಬಂದದ್ದನ್ನು ನಾನು ಕಂಡಿಲ್ಲ, ತುರ್ಭೆಯ ಕಾರ್ಖಾನೆಗಳು ಸಾನಪಾಡಾದ ಬೆನ್ನಿಗೇ ಇದ್ದರೂ.

ಕನ್ನಡಕ್ಕೆ ತರುವುದಾದರೆ ಮೊದಲು ‘ಔಟ್’ ಕಾದಂಬರಿಯನ್ನು ತರಬೇಕು, ಅದೂ ಮುಂಬಯಿಯಲ್ಲಿ ಬದುಕಿದವರು ತರಬೇಕು. ಕಿರಿನೋಳ ಕಾರ್ಖಾನೆಯಲ್ಲಿ ಕಾಝುವೋ ಎಂಬ ಬ್ರೆಝಿಲಿನಿಂದ ಬಂದ ಹುಡುಗನಿದ್ದಾನೆ. ಅಪ್ಪ ಜಪಾನಿನವನಾದರೂ ಅವನಿಗೆ ಜಪಾನೀ ತಡವರಿಕೆಯ ಭಾಷೆ. ಗ್ರಂಥಸ್ಥ ಕನ್ನಡದಲ್ಲಿ ಅವನನ್ನು ಮಾತಾಡಿಸಿದರೆ ಅವನು ಬರೀ ದಡ್ಡನಾಗಿ ಕಾಣುತ್ತಾನೆ. ತುಳು, ಮರಾಠಿ, ಬಂಬಯ್ಯಾ ಹಿಂದಿ ಬೆರೆತ ಇಲ್ಲಿನ ಕನ್ನಡ ಗೊತ್ತಿದ್ದವರು ಮಾತ್ರ ಆ ಹುಡುಗನನ್ನು ಹೊರಗಿನವನಾಗಿಯೂ ಒಳಗಿನವನಾಗಿಯೂ ಮಾತಾಡಿಸಬಲ್ಲರು.