ಶಿಕ್ಷೆ ಬೇಡಬೇಕಾದವರು ಯಾರು?

ಕಲಬುರಗಿಯಿಂದ ಹುಮನಾಬಾದಿನ ಕಡೆ ಹೊರಟ ಬಸ್ಸು ಕಮಲಾಪುರ ದಾಟಿಯೇ ಕಲ್ಯಾಣದ ದಾರಿ ಹಿಡಿಯಬೇಕು. ಆ ದಾರಿಯ ಶಾಲೆಯೊಂದರ ಹಿಂದಿನ ಸಾಲಿನಲ್ಲಿ ಕೂತು ನಾವು ಬಸವಣ್ಣನ ಆ ವಚನವನ್ನು ಬಾಯಿಪಾಠ ಮಾಡಿದೆವು. ಮನಸ್ಸು ಅಲೆಯದಂತೆ ಕಾಲು, ಕಣ್ಣು, ಕಿವಿ ಕಸಿದುಕೋ ಎಂದು ದೇವರನ್ನು ತಂದೆಯೆಂದು ಕರೆದು ಬೇಡುವ ವಚನ. 'ತಂದಿ ಮಗನ್ನ ಹೊಡೀತಾನ, ಅದೇ ಪ್ರೀತಿ' ಎಂದು ಮಾಸ್ತರು ಅರ್ಥ ಹೇಳಿದರು. ನಾವು ತಲೆಯಾಡಿಸಿದೆವು. ಯಾಕಂದರ ಮನೆಯಲ್ಲಿ ಅವ್ವನೂ ಅದನ್ನೇ ಹೇಳುತ್ತಿದ್ದಳು: 'ಹಿಂದಿನ ಜನ್ಮದಾಗ ಏನ್ ಪಾಪ ಮಾಡಿದ್ವೋ, ದೇವ್ರು ಈಗ ಉಣಸ್ಲಿಕತ್ತಾನ.'

ಮೋಸ ಇರುವುದು ಇಲ್ಲೇ. ಪಾಪ ಬೇರೆ, ಅವಮಾನ ಬೇರೆ. ಗುಡಿಯ ಹೊಸ್ತಿಲಲ್ಲಿ ನಿಲ್ಲಿಸಿದ ಕಾಲು, ಬಾವಿಯಿಂದ ದೂರ ಇಡಿಸಿದ ಕೊಡ, ಇವು ನಮ್ಮ ಪಾಪಕ್ಕೆ ಬಂದ ಶಿಕ್ಷೆಯಲ್ಲ. ಊರು ಮಾಡಿದ ಅವಮಾನಕ್ಕೆ ದೇವರ ಸಹಿ ಹಾಕಿಸಿದ್ದು. ಮೊದಲೇ ಕಾಲು ಕಟ್ಟಿಸಿಕೊಂಡವರ ಮಕ್ಕಳಿಂದ ಕಾಲು ಕಸಿದುಕೋ ಎಂದು ಬೇಡಿಸುವುದು ಯಾವ ಭಕ್ತಿ?

ಆದರೆ ಈ ಸಿಟ್ಟನ್ನು ಬಸವಣ್ಣನ ಮೇಲೆ ಕಾರಿದರೆ ನಾವೂ ತಪ್ಪಿದಂತೆ. ವಚನ ಯಾರ ಬಾಯಿಂದ ಬಂತು ನೋಡಬೇಕು. ಅವನು ಹನ್ನೆರಡನೆಯ ಶತಮಾನದ ಬಿಜ್ಜಳನ ಭಂಡಾರಿ, ಹುಟ್ಟಿನಿಂದ ಬ್ರಾಹ್ಮಣ. ಅರಮನೆ, ಗುಡಿ ಎರಡೂ ಅವನ ಕಾಲಿಗೆ ತೆರೆದಿದ್ದವು. ಅಂಥವನು ಶಿಕ್ಷೆ ಬೇಡಿದ್ದು ತನಗೆ, ನಮಗಲ್ಲ. ಮಾದಾರ ಚೆನ್ನಯ್ಯನನ್ನು ಅಪ್ಪನೆಂದು ಕರೆದವನೂ ಅವನೇ. ನಾಚಬೇಕಾದವರು ಯಾರೆಂದು ಅವನಿಗೆ ಗೊತ್ತಿತ್ತು. ಪಾಠ ಹೇಳುವವರು ಚೆನ್ನಯ್ಯನನ್ನು ನುಂಗಿ ಶಿಕ್ಷೆಯನ್ನಷ್ಟೇ ನಮ್ಮ ಕಡೆ ತಳ್ಳಿದರು.

ಅದೇ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣರ ಕಥೆಗಳು ಹೇಳುತ್ತವೆ. ಆ ಶಿಕ್ಷೆ ಕೊಟ್ಟವನು ದೇವರೇನು? ಅಲ್ಲ, ಬಿಜ್ಜಳ. ಜಾತಿ ಕೈ ಎತ್ತಿದಾಗಲೆಲ್ಲ ಅದು ದೇವರ ಕೈ ಎನ್ನುವುದು ಹಳೇ ಚಾಳಿ. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದ ಬಾಬಾಸಾಹೇಬರು ಯಾವ ದೇವರ ಕ್ಷಮೆಯನ್ನೂ ಬೇಡಲಿಲ್ಲ. ನಮ್ಮ ಹಕ್ಕು ಎಂದರು, ಕುಡಿದರು.

ಗೆಳೆಯರೆ, ನಿಮ್ಮಲ್ಲಿ ಮಾಸ್ತರಿಕೆ ಮಾಡುವವರು ಬಹಳ ಮಂದಿ. ಆ ವಚನ ಕಲಿಸ್ರಿ, ಬ್ಯಾಡ ಅನ್ನೋದಿಲ್ಲ. ಆದರೆ ಬಿಜ್ಜಳನ ಭಂಡಾರದಿಂದ ಶುರು ಮಾಡ್ರಿ, ಹರಳಯ್ಯನ ತನಕ ಹೇಳ್ರಿ. ದೇವರು ಪ್ರೀತಿಯಿಂದಲೇ ಹೊಡೆಯುವುದು ನಿಜವಾದರೆ, ಅವನ ಕೋಲು ಮೊದಲು ಬೀಳಬೇಕಾದ್ದು ಬಾಗಿಲು ಮುಚ್ಚಿದ ಕೈಗಳ ಮೇಲೆ.

ಅವ್ವಾ, ನೀ ಯಾವ ಪಾಪಾನೂ ಮಾಡಿಲ್ಲ.