ಲಾಕಪ್ಪಿನಲ್ಲಿ ಸತ್ತವನ ಅರ್ಧ

ಪೊಲೀಸರ ಭ್ರಷ್ಟಾಚಾರದ ಮೇಲಿನ ಸಿನಿಮಾಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಒಬ್ಬ ಪ್ರಾಮಾಣಿಕ ಇನ್‌ಸ್ಪೆಕ್ಟರು, ಒಬ್ಬ ಪುಢಾರಿ, ಒಬ್ಬ ರೌಡಿ. ಇನ್‌ಸ್ಪೆಕ್ಟರು ಕೈಯೆತ್ತಿದ ಕೂಡಲೇ ಟಾಕೀಸಿನಲ್ಲಿ ಶಿಳ್ಳೆ. ಏಟು ಯಾರಿಗೆ ಬಿತ್ತು ಅಂತ ಯಾರೂ ಕೇಳೋದಿಲ್ಲ.

ಗೋವಿಂದ ನಿಹಲಾನಿಯವರ ಹಿಂದಿ ಚಿತ್ರ ‘ಅರ್ಧ ಸತ್ಯ’ (1983) ಇವುಗಳಿಗಿಂತ ಬಹಳ ಮೇಲಿನದು. ವಿಜಯ್ ತೆಂಡೂಲ್ಕರ್ ಅದರ ಚಿತ್ರಕತೆ ಬರೆದವರು. ಬೊಂಬಾಯಿಯ ಸಬ್‌ಇನ್‌ಸ್ಪೆಕ್ಟರ್ ಅನಂತ್ ವೇಲಣಕರ್, ರಾಮಾ ಶೆಟ್ಟಿ ಎಂಬ ಪುಢಾರಿ ರೌಡಿಯನ್ನು ಮುಟ್ಟಲು ಹೋದರೆ ಮೇಲಿನಿಂದ ಅಡ್ಡಿ ಬರುತ್ತದೆ. ಡಕಾಯಿತನನ್ನು ಹಿಡಿದವನು ಇವನು, ಹೆಸರು ಇನ್ನೊಬ್ಬನಿಗೆ. ಆ ಅವಮಾನದ ಮೇಲೆ ಕುಡಿದು, ರೇಡಿಯೊ ಕದ್ದನೆಂದು ಲಾಕಪ್ಪಿಗೆ ಹಾಕಿದ ಬಡವನೊಬ್ಬನನ್ನು ಬಡಿದು ಸಾಯಿಸುತ್ತಾನೆ. ಕೇಸಿನಿಂದ ಪಾರಾಗಲು ಅದೇ ರಾಮಾ ಶೆಟ್ಟಿಯ ಬಾಗಿಲಿಗೆ ಹೋಗುತ್ತಾನೆ. ಕೊನೆಗೆ ಅವನ ಕತ್ತು ಹಿಸುಕಿ ಕೊಂದು ಶರಣಾಗುತ್ತಾನೆ. ಓಂ ಪುರಿ ಆ ಸಿಟ್ಟು, ಆ ನಾಚಿಕೆ ಎರಡನ್ನೂ ಮುಖದಲ್ಲಿ ಹೊತ್ತಿದ್ದಾರೆ. ರಾಷ್ಟ್ರಪ್ರಶಸ್ತಿ ಸುಮ್ಮನೆ ಬರಲಿಲ್ಲ.

ಆದರೆ ಗೆಳೆಯರೆ, ಒಂದು ಲೆಕ್ಕ ಹಾಕಿ. ವೇಲಣಕರ್ ಮಾಡುವುದು ಎರಡು ಕೊಲೆ. ರಾಮಾ ಶೆಟ್ಟಿಯ ಕೊಲೆಗೆ ಇಡೀ ಸಿನಿಮಾ ದಾರಿ ಕಡಿಯುತ್ತದೆ. ರೇಡಿಯೊ ಕಳ್ಳನ ಕೊಲೆ ನಾಯಕನ ಪತನಕ್ಕೆ ಒಂದು ಮೆಟ್ಟಿಲು, ಅಷ್ಟೆ. ವೇಲಣಕರನಿಗೆ ದರ್ಪದ ಅಪ್ಪ ಇದ್ದಾನೆ, ಪ್ರೀತಿಸುವ ಲೆಕ್ಚರರ್ ಇದ್ದಾಳೆ, ಓದಲು ಕವಿತೆ ಇದೆ. ಸತ್ತವನಿಗೆ ಏನಿದೆ? ಕ್ಯಾಮೆರಾ ಅವನ ಹೆಣದ ಹಿಂದೆ ಹೋಗುವುದಿಲ್ಲ, ಇನ್‌ಸ್ಪೆಕ್ಟರನ ಸಂಕಟದ ಹಿಂದೆ ಹೋಗುತ್ತದೆ. ವ್ಯವಸ್ಥೆ ಕೆಟ್ಟು ಒಳ್ಳೆಯವನೂ ಕೆಟ್ಟ ಎಂಬುದು ಮಧ್ಯಮ ವರ್ಗದ ದುಃಖ. ಮೇಲಿನವನು ಮಾಡಿದ ಅವಮಾನ ಕೆಳಗಿನವನ ಬೆನ್ನ ಮೇಲೇ ಯಾಕೆ ಇಳಿಯುತ್ತದೆ ಎಂಬುದು ನಮ್ಮ ಪ್ರಶ್ನೆ. ಚಿತ್ರ ಅದನ್ನು ತೋರಿಸುತ್ತದೆ, ಕೇಳುವುದಿಲ್ಲ.

ಉಳಿದರ್ಧ ಎಲ್ಲಿತ್ತು? ಅದೇ 1983ರಲ್ಲಿ ಆಂಧ್ರದ ಗುಂಟೂರಿನ ಲಾಕಪ್ಪಿನಲ್ಲಿತ್ತು. ದುಡಿಯಲು ಹೋದ ತಮಿಳು ಹುಡುಗರನ್ನು, ಮಾಡದ ಕಳ್ಳತನ ಒಪ್ಪಿಕೊಳ್ಳಿ ಅಂತ ಅಲ್ಲಿ ಬಡಿದರು. ಅವರಲ್ಲೊಬ್ಬರು ಎಂ. ಚಂದ್ರಕುಮಾರ್, ಕೊಯಮತ್ತೂರಿನ ಆಟೋ ಚಾಲಕ. ಅವರು ಬರೆದ ‘ಲಾಕಪ್’ ಕಾದಂಬರಿಯಿಂದ ವೆಟ್ರಿಮಾರನ್ ‘ವಿಸಾರಣೈ’ ಮಾಡಿದರು. 2015ರಲ್ಲಿ ಅದು ವೆನಿಸ್ ಚಿತ್ರೋತ್ಸವಕ್ಕೆ ಹೋಯಿತು, 2016ರಲ್ಲಿ ಟಾಕೀಸಿಗೆ ಬಂತು. ಏಟು ತಿಂದವನ ಕತೆ ತೆರೆ ಮುಟ್ಟೋಕೆ 32 ವರ್ಷ ಹಿಡಿಯಿತು.

ಇಲ್ಲಿ ಕ್ಯಾಮೆರಾ ಲಾಠಿಯ ಈಚೆ ಇದೆ. ಪಾರ್ಕಿನಲ್ಲಿ ಮಲಗುವ ಪಾಂಡಿ, ಅವನ ಗೆಳೆಯರು, ಇವರ ಭಾಷೆ ತಿಳಿಯದ ಕೋರ್ಟು. ದೊಡ್ಡವರ ಮನೆ ಕಳ್ಳತನದ ಕೇಸು ಮುಗಿಸಬೇಕು, ಕೈಗೆ ಸಿಕ್ಕವರು ಇವರು. ಉತ್ತರಾರ್ಧದಲ್ಲಿ, ರಾಜಕಾರಣಿಗಳ ಕಪ್ಪುಹಣದ ಗುಟ್ಟು ಬಲ್ಲ ಆಡಿಟರ್ (ನಮ್ಮ ಕಿಶೋರ್) ತಮಿಳುನಾಡಿನ ಸ್ಟೇಷನ್ನಿನಲ್ಲಿ ಏಟು ತಿಂದು ಸಾಯುತ್ತಾನೆ. ಅಲ್ಲಿ ಕಸ ಗುಡಿಸಲು ಉಳಿಸಿಕೊಂಡ ಈ ಹುಡುಗರ ಕಿವಿಗೆ ಆ ಮಾತು ಬಿದ್ದದ್ದೇ ಅಪರಾಧ. ಅವರನ್ನು ಗುಂಟೂರಿನಿಂದ ಬಿಡಿಸಿದ್ದ ಇನ್‌ಸ್ಪೆಕ್ಟರ್ ಮುತ್ತುವೇಲನಿಗೂ ಗುಂಡೇ ಗತಿ. ಒಳ್ಳೆ ಪೊಲೀಸು ಬಂದು ಕಾಪಾಡ್ತಾನೆ ಅನ್ನೋ ಭ್ರಮೆ ಅಲ್ಲಿಗೆ ಮುಗಿಯಿತು.

ಇದರಲ್ಲೂ ಕೊರತೆಯಿದೆ. ಬಡತನ, ಪರಭಾಷೆ ಎದ್ದು ಕಾಣುತ್ತವೆ. ಜಾತಿಯ ಮಾತು ತೆರೆಯ ಹಿಂದೆ ಉಳಿಯುತ್ತದೆ. 2021ರ ‘ಜೈ ಭೀಮ್’ ಇರುಳರ ಗುಡಿಸಲಿಗೆ ಹೋಗಿ ಆ ಮಾತಾಡಿತು; ಆದರೆ ಅದಕ್ಕೂ ಕಾಪಾಡುವ ವಕೀಲ ನಾಯಕನೊಬ್ಬ ಬೇಕಾಯಿತು.

1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು: ಹಿಡಿದರೆ ಕಾಗದ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರಿಗೆ ತೋರಿಸಬೇಕು. ಹಾಗಿದ್ದೂ 2020ರಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ, ಲಾಕ್‌ಡೌನಿನಲ್ಲಿ ಅಂಗಡಿ ತೆರೆದಿಟ್ಟರೆಂದು ಹಿಡಿದೊಯ್ದ ತಂದೆ ಮಗ ಇಬ್ಬರೂ ಪೊಲೀಸರ ಏಟಿಗೆ ಸತ್ತರು.

ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ಈ ಎರಡು ಚಿತ್ರಗಳನ್ನು ಒಟ್ಟಿಗೆ ತೋರಿಸಲಿ. ಆ ಮೂರು ನಿಯಮಗಳನ್ನು ಗೋಡೆಗೆ ಅಂಟಿಸಲಿ. ನೋಡಿದವರನ್ನು ಒಂದೇ ಮಾತು ಕೇಳಲಿ: ವೇಲಣಕರನ ಹೆಸರು ನಿಮಗೆ ನೆನಪಿದೆ, ಅವನು ಕೊಂದವನ ಹೆಸರು?